ಮೊಬೈಲ್ ಆಟಗಳು ಮತ್ತು ಮಕ್ಕಳ ಧೃತಿ

ಶ್ರೀಮಠದ ಆವರಣದಲ್ಲಿ ಅಮಾವಾಸ್ಯೆಯಂದು ನಡೆಯುವ ಉಚಿತ ತಪಾಸಣೆಗೆ ಬರುವ ತಾಯಂದಿರು ಮೊದಲೆಲ್ಲ ಮಕ್ಕಳ ಕೆಮ್ಮು, ಜಂತುಹುಳು, ಅಗ್ನಿಮಾಂದ್ಯಗಳ ಕುರಿತು ಕೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಅವರು ಹೆಚ್ಚಾಗಿ ಕೇಳುವುದು ಬೇರೆಯೇ ಪ್ರಶ್ನೆ: “ಮೊಬೈಲ್ ಬಿಡಿಸುವುದಕ್ಕೆ ನಿಮ್ಮಲ್ಲಿ ಏನಾದರೂ ಔಷಧವಿದೆಯೇ?” ಇಲ್ಲವೆಂದರೆ ಅವರಿಗೆ ನಿರಾಶೆ, ಇದೆಯೆಂದು ಒಂದು ಚೂರ್ಣದ ಪೊಟ್ಟಣ ಕೊಟ್ಟರೆ ನಮಗೆ ಆತ್ಮವಂಚನೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಪ್ರಶ್ನೆಗೆ ವಿಸ್ತಾರವಾಗಿ ಉತ್ತರಿಸಲು ಯತ್ನಿಸಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಲೇಸು. ಒಂಬತ್ತನೆಯ ತರಗತಿಯ ಬಾಲಕನೊಬ್ಬನನ್ನು ಅವನ ತಂದೆ ಕರೆತಂದಿದ್ದರು. ತಲೆನೋವು, ಕಣ್ಣುರಿ, ಮಲಬದ್ಧತೆ, ರಾತ್ರಿ ನಿದ್ರೆಯಿಲ್ಲ, ಬೆಳಗ್ಗೆ ಏಳಲಾಗದು. ನಾಡಿ ನೋಡಿದೆವು, ನಾಲಗೆ ನೋಡಿದೆವು. ವಾತಪ್ರಕೋಪವೆಂದು ನಿಶ್ಚಯಿಸಿ ರಾತ್ರಿ ತ್ರಿಫಲಾ ಚೂರ್ಣ, ಬೆಳಗ್ಗೆ ಬ್ರಾಹ್ಮೀ ಘೃತ, ಮಲಗುವ ಮುನ್ನ ಎಳ್ಳೆಣ್ಣೆಯ ಪಾದಾಭ್ಯಂಗ ಎಂದು ಬರೆದುಕೊಟ್ಟೆವು. ಮೊಬೈಲ್ ಹೆಚ್ಚು ನೋಡಬೇಡವೆಂದು ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದೆವು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ. ಮೂರನೆಯ ಸಲ ಬಂದಾಗ ತಂದೆಯ ಕೈಯಲ್ಲಿ ಬ್ಯಾಂಕಿನ ಪಾಸ್ ಪುಸ್ತಕವಿತ್ತು. ಮುಂಗಾರಿನ ಬೀಜ, ಗೊಬ್ಬರಕ್ಕೆಂದು ಇಟ್ಟಿದ್ದ ಹಣದಲ್ಲಿ ಮೂವತ್ತೆಂಟು ಸಾವಿರ ರೂಪಾಯಿ, ಎಂಬತ್ತು, ನೂರ ಅರವತ್ತು, ಎಂಟು ನೂರು ಹೀಗೆ ಚೂರುಚೂರಾಗಿ ಮೂರು ತಿಂಗಳಲ್ಲಿ ಸೋರಿಹೋಗಿತ್ತು. ಮಗನ ಬೆನ್ನಿನ ಮೇಲೆ ಬಾಸುಂಡೆಗಳಿದ್ದವು. “ನನ್ನ ಮಗ ಕಳ್ಳನಾದ, ಡಾಕ್ಟ್ರೇ” ಎಂದು ಆ ಹಿರಿಯರು ಅತ್ತರು.

ಅಂದು ನಾವು ತಂದೆಯನ್ನು ಪ್ರಸಾದಕ್ಕೆ ಕಳುಹಿಸಿ, ಬಾಲಕನೊಡನೆ ಒಂದು ಗಂಟೆ ಕುಳಿತು, “ಆ ಆಟವನ್ನು ನಮಗೂ ಕಲಿಸು” ಎಂದೆವು. ಎರಡು ತಿಂಗಳ ಹಿಂದೆಯೇ ಮಾಡಬೇಕಾಗಿದ್ದ ಪರೀಕ್ಷೆ ಅದು. ನಿದಾನವನ್ನು ಅರಿಯದೆ ಚಿಕಿತ್ಸೆಗೆ ತೊಡಗಬಾರದೆಂದು ನಾವೇ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವರು. ನಾಡಿಯನ್ನು ನೋಡಿದ ನಾವು ಆಟವನ್ನು ನೋಡಿರಲಿಲ್ಲ.

ಆಟಕ್ಕೆ ಪ್ರವೇಶ ಉಚಿತ. ಒಳಹೊಕ್ಕ ಮೇಲೆ ಪ್ರತಿದಿನವೂ ಬಂದು ಮುಖ ತೋರಿಸಿದರೆ ಒಂದು ಚಿಕ್ಕ ಬಹುಮಾನ. ಏಳು ದಿನ ತಪ್ಪದೆ ಬಂದರೆ ದೊಡ್ಡದು. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ. ಅಲ್ಲಿ ರೂಪಾಯಿ ಕಾಣುವುದೇ ಇಲ್ಲ. ರೂಪಾಯಿ ಕೊಟ್ಟು ವಜ್ರಗಳನ್ನು ಕೊಳ್ಳಬೇಕು, ವಜ್ರ ಕೊಟ್ಟು ಪೆಟ್ಟಿಗೆಯನ್ನು ಕೊಳ್ಳಬೇಕು. ಪೆಟ್ಟಿಗೆಯಲ್ಲಿ ಏನಿದೆಯೆಂಬುದು ತೆರೆಯುವ ತನಕ ತಿಳಿಯದು. ಹಲವು ಸಲ ಕಸ, ಎಂದೋ ಒಮ್ಮೆ ಹೊಳೆಯುವ ಉಡುಪು ಅಥವಾ ಆಯುಧ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ: ಈ ಅವಕಾಶ ಇನ್ನು ಎರಡೇ ಗಂಟೆ. ನಲವತ್ತು ವಜ್ರದ ವಸ್ತು ಬೇಕೆಂದರೆ ಮಾರುವುದು ಐವತ್ತರ ಕಟ್ಟು, ಹತ್ತು ಉಳಿಯುತ್ತದೆ, ಉಳಿದ ಹತ್ತನ್ನು ಬಳಸಬೇಕೆಂದರೆ ಮತ್ತೆ ಕೊಳ್ಳಬೇಕು. “ಇದರಲ್ಲಿ ಎಷ್ಟು ರೂಪಾಯಿ ಆಯಿತೆಂದು ನಿನಗೆ ಗೊತ್ತಿತ್ತೇ?” ಎಂದು ಕೇಳಿದೆವು. ಅವನಿಗೆ ವಜ್ರಗಳ ಲೆಕ್ಕ ಗೊತ್ತಿತ್ತು, ರೂಪಾಯಿಯದು ಗೊತ್ತಿರಲಿಲ್ಲ. ಲೆಕ್ಕ ತಪ್ಪಲೆಂದೇ ನಡುವೆ ವಜ್ರವನ್ನು ಇರಿಸಿದ್ದಾರೆ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವ ವ್ಯವಸ್ಥೆ ಅದು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂದು ನಿಯತವಾಗಿದ್ದಾಗ ಹಕ್ಕಿ ಕಾಳು ತಿಂದು ಸ್ವಲ್ಪ ವಿರಮಿಸುತ್ತಿತ್ತು. ಎಷ್ಟು ಕುಕ್ಕಿಗೆ ಕಾಳು ಎಂಬುದು ಅನಿಶ್ಚಿತವಾದಾಗ ಅದು ವಿರಾಮವಿಲ್ಲದೆ ಕುಕ್ಕುತ್ತಲೇ ಇರುತ್ತಿತ್ತು. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಬಿಡುತ್ತಿರಲಿಲ್ಲ. ಜೂಜಿನ ಯಂತ್ರಗಳು ನಡೆಯುವುದು ಈ ತತ್ತ್ವದ ಮೇಲೆ, ಈ ಪೆಟ್ಟಿಗೆಗಳು ನಡೆಯುವುದೂ ಇದರ ಮೇಲೆ. ನಮ್ಮ ಹಿರಿಯರೂ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು, ಅದರಲ್ಲೂ ಅದೃಷ್ಟವಿತ್ತು, ನಿಜ. ಆದರೆ ಎದುರಿಗೆ ಕುಳಿತು ಕವಡೆಯನ್ನು ಮಾರುವವನು ಯಾರೂ ಇರಲಿಲ್ಲ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ವೇಗಗಳ ಕುರಿತಾದದ್ದು. ಅಲ್ಲಿ ತಡೆಯಬಾರದ ವೇಗಗಳು ಹದಿಮೂರೆಂದು ಹೇಳಿದೆ: ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ, ಆಕಳಿಕೆ ಮುಂತಾದವು ಅದರಲ್ಲಿ ಸೇರಿವೆ. ಇವುಗಳನ್ನು ಬಲಾತ್ಕಾರವಾಗಿ ತಡೆದರೆ ಯಾವ ಯಾವ ರೋಗ ಬರುವುದೆಂಬ ವಿವರವೂ ಅಲ್ಲೇ ಇದೆ. ಮಲವೇಗವನ್ನು ತಡೆದವನಿಗೆ ಹೊಟ್ಟೆನೋವು, ತಲೆನೋವು, ಹೊಟ್ಟೆಯುಬ್ಬರ. ನಿದ್ರೆಯನ್ನು ತಡೆದವನಿಗೆ ಮೈಕೈನೋವು, ಶಿರೋರೋಗ, ಕಣ್ಣುಗಳ ಭಾರ. ಇದಾದ ಮೇಲೆ ಆಚಾರ್ಯರು ತಡೆಯಲೇಬೇಕಾದ ವೇಗಗಳನ್ನು ಹೇಳುತ್ತಾರೆ: ಲೋಭ, ಕ್ರೋಧ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರ ವಸ್ತುವಿನ ಅಪಹರಣ, ಕಠೋರವಾದ ಮಾತು ಮೊದಲಾದವು.

ನಮ್ಮ ಬಾಲಕನನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿದೆವು. ಆಟದ ನಡುವೆ ಎದ್ದರೆ ತಂಡ ಸೋಲುತ್ತದೆ, ತಂಡದವರು ಬಯ್ಯುತ್ತಾರೆ. ಆದ್ದರಿಂದ ಅವನು ಮೂತ್ರವನ್ನು ತಡೆದ, ಮಲವನ್ನು ತಡೆದ, ಹಸಿವು ಬಾಯಾರಿಕೆಗಳನ್ನು ತಡೆದ, ರಾತ್ರಿ ಎರಡರ ತನಕ ನಿದ್ರೆಯನ್ನು ತಡೆದ. ಅದೇ ಹೊತ್ತಿನಲ್ಲಿ ತಡೆಯಬೇಕಾಗಿದ್ದ ಲೋಭವನ್ನೂ ಕ್ರೋಧವನ್ನೂ ಬಯ್ಗುಳವನ್ನೂ ಆಟವು ಬಿಡಿಸಿ ಹರಿಯಗೊಟ್ಟಿತು. ತಡೆಯಬಾರದ್ದನ್ನು ತಡೆಯಿಸಿ, ತಡೆಯಬೇಕಾದದ್ದನ್ನು ಬಿಡಿಸುವುದು: ಶಾಸ್ತ್ರವನ್ನು ತಲೆಕೆಳಗು ಮಾಡಿ ದಿನಚರಿಯೊಂದನ್ನು ಬರೆದರೆ ಹೀಗೆಯೇ ಇರುತ್ತದೆ. ನಮ್ಮ ತ್ರಿಫಲೆ ಸೋತದ್ದು ಏಕೆಂಬುದು ಆಗ ತಿಳಿಯಿತು. ರಾತ್ರಿ ಮದ್ದು ಕೊಟ್ಟು ಬೆಳಗ್ಗೆ ಎಬ್ಬಿಸಿದ ವೇಗವನ್ನು ಅವನು ಮತ್ತೆ ಕುಳಿತು ತಡೆಯುತ್ತಿದ್ದ.

ಮನಸ್ಸನ್ನು ಅಹಿತದಿಂದ ಹಿಡಿದು ನಿಲ್ಲಿಸುವ ಶಕ್ತಿಗೆ ಧೃತಿ ಎಂದು ಹೆಸರು. ಧೀ, ಧೃತಿ, ಸ್ಮೃತಿಗಳು ಕೆಟ್ಟು ಮಾಡುವ ಕರ್ಮವೇ ಪ್ರಜ್ಞಾಪರಾಧ. ಹದಿನಾಲ್ಕು ವರ್ಷದ ಹುಡುಗನಲ್ಲಿ ಧೃತಿ ಇನ್ನೂ ಎಳೆಯ ಬಳ್ಳಿ. ಆಧುನಿಕ ವೈದ್ಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಸಂಯಮಕ್ಕೆ ಕಾರಣವಾದ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಈ ಎಳೆಯ ಬಳ್ಳಿಯನ್ನು ಬಾಗಿಸಲು ಎದುರಿಗೆ ನುರಿತ ವಿನ್ಯಾಸಕಾರರು ಕುಳಿತಿದ್ದಾರೆ. ಯಾವ ಬಣ್ಣಕ್ಕೆ, ಯಾವ ಸದ್ದಿಗೆ, ದಿನದ ಯಾವ ಹೊತ್ತಿನಲ್ಲಿ ಮಗುವಿನ ಬೆರಳು ಹೆಚ್ಚಾಗಿ ಒತ್ತುತ್ತದೆಂಬ ದಾಖಲೆ ಅವರ ಯಂತ್ರಗಳಲ್ಲಿ ಸೇರುತ್ತಿರುತ್ತದೆ. ಅಪರಾಧ ನಡೆದದ್ದು ಹೌದು. ಆದರೆ ಅದನ್ನು ಪೂರ್ತಿಯಾಗಿ ಬಾಲಕನ ಹೆಸರಿಗೆ ಬರೆದು ಬೆನ್ನಿನ ಮೇಲೆ ಬಾರಿಸುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಇದು ನಮ್ಮೊಬ್ಬರ ಅಭಿಪ್ರಾಯವಲ್ಲ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿಯೇ ಹಣ ಕೊಟ್ಟು ಕೊಳ್ಳುವ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಎಂಬ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆಯು 2022ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪಗಳನ್ನು ಇತ್ಯರ್ಥಪಡಿಸಿಕೊಳ್ಳಲು ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿ ಮಾಹಿತಿಯ ಕಾಯ್ದೆಯ ಉಲ್ಲಂಘನೆಯ ಆರೋಪಕ್ಕೆ, 24.5 ಕೋಟಿ ಗುಂಡಿಗಳನ್ನು ಮೋಸದ ರೀತಿಯಲ್ಲಿ ಜೋಡಿಸಿ ಬೇಡದ ಖರೀದಿ ಮಾಡಿಸಿದರೆಂಬ ಆರೋಪಕ್ಕೆ, ಗ್ರಾಹಕರಿಗೆ ಹಿಂದಿರುಗಿಸಲು.

ನಮ್ಮ ದೇಶದಲ್ಲಿಯೂ ಕಾಯ್ದೆಗಳು ಬಂದಿವೆ. ಆದರೆ ಯಾವುದು ಯಾವುದಕ್ಕೆ ಎಂಬುದನ್ನು ಭಕ್ತರು ಬೇರ್ಪಡಿಸಿ ಅರಿಯಬೇಕು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರ ಕಥೆ ಕೇಳಿರುವ ನಮಗೆ ಅದು ಸಮಾಧಾನ ತಂದದ್ದು ನಿಜ. ಆದರೆ ನಮ್ಮ ಬಾಲಕ ಆಡಿದ್ದು ಆ ಬಗೆಯದಲ್ಲ. ಅವನು ಹಣ ಕೊಟ್ಟು ಪಡೆದದ್ದು ಹಣವನ್ನಲ್ಲ, ಚಿತ್ರದ ಉಡುಪನ್ನು. ಆದ್ದರಿಂದ ಕಾಯ್ದೆ ಬಂದಿದೆ, ಇನ್ನು ಭಯವಿಲ್ಲವೆಂದು ತಾಯಿತಂದೆಯರು ಮೈಮರೆಯುವಂತಿಲ್ಲ.

ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇಲ್ಲಿ ಹೆಚ್ಚು ಪ್ರಸ್ತುತ. ಪರದೆಯ ಮೇಲಿನ ಹದಿಮೂರು ಬಗೆಯ ವಂಚನೆಯ ವಿನ್ಯಾಸಗಳನ್ನು ಅದು ಹೆಸರಿಸಿದೆ. ಇಲ್ಲದ ಆತುರವನ್ನು ಹುಟ್ಟಿಸುವುದು, ಬೇಡವೆಂದರೂ ಮತ್ತೆ ಮತ್ತೆ ಪೀಡಿಸುವುದು, ಸೇರುವುದು ಸುಲಭ ಬಿಡುವುದು ಕಷ್ಟವೆಂಬಂತೆ ಚಂದಾವನ್ನು ಹೆಣೆಯುವುದು ಅವುಗಳಲ್ಲಿ ಕೆಲವು. ದೂರನ್ನು 1915 ಎಂಬ ಗ್ರಾಹಕ ಸಹಾಯವಾಣಿಗೆ ಕೊಡಬಹುದು. ಮತ್ತೊಂದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳ ಚಲನವಲನವನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ ಎಂದು ಅದು ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟಳೆಗಳನ್ನು ಪಾಲಿಸಲು ಸಂಸ್ಥೆಗಳಿಗೆ ಒಂದೂವರೆ ವರ್ಷದ ಕಾಲಾವಕಾಶವಿತ್ತಿದ್ದಾರೆ. ಒಪ್ಪಿಗೆ ಕೇಳುವ ಕಾಲ ಬಂದಾಗ ಓದದೆ ಒತ್ತಿಬಿಟ್ಟರೆ ಆ ಹಕ್ಕಿಗೆ ಅರ್ಥವಿರದು. ವಯಸ್ಸಿನ ಅಂಕಣದಲ್ಲಿ ಮಗುವಿಗೆ ಇಪ್ಪತ್ತು ಎಂದು ಸುಳ್ಳು ತುಂಬಿಕೊಡುವ ತಂದೆಯರನ್ನು ನಾವು ಕಂಡಿದ್ದೇವೆ. ಆ ಸುಳ್ಳಿನಿಂದ ಮಗು ತನ್ನ ರಕ್ಷಣೆಯನ್ನೆಲ್ಲ ಕಳೆದುಕೊಳ್ಳುತ್ತದೆ.

ಕೊಂಡ ವಸ್ತುವಿನ ಕುರಿತೂ ಒಂದು ಮಾತು. ಬಾಲಕನು “ಇದು ನನ್ನದು” ಎಂದು ತೋರಿಸಿದ ಉಡುಪು ಅವನದಲ್ಲ. ಇಂತಹ ಆಟಗಳಲ್ಲಿ ಕೊಳ್ಳುವುದು ಒಡೆತನವನ್ನಲ್ಲ, ಬಳಸುವ ಪರವಾನಗಿಯನ್ನು. ಸಂಸ್ಥೆಯು ಯಂತ್ರ ನಿಲ್ಲಿಸಿದ ದಿನ ಅದು ಇಲ್ಲವಾಗುತ್ತದೆ. ದ ಕ್ರೂ ಎಂಬ, 2014ರಲ್ಲಿ ಹಣಕ್ಕೆ ಮಾರಿದ ಆಟವನ್ನು ಅದರ ಸಂಸ್ಥೆ 2024ರ ಮಾರ್ಚ್ ಕೊನೆಗೆ ನಿಲ್ಲಿಸಿತು. ಕೊಂಡವರ ಕೈಯಲ್ಲಿ ಬರಿಯ ಡಬ್ಬಿ ಉಳಿಯಿತು. ಅದರಿಂದ ಕೆರಳಿದವರು ಯುರೋಪಿನಲ್ಲಿ ಮನವಿಯೊಂದನ್ನು ಆರಂಭಿಸಿ, ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ನಮ್ಮ ಬಾಲಕನಿಗೆ ಈ ವಿಷಯ ಹೇಳಿದಾಗ ಅವನ ಮುಖದಲ್ಲಿ ಕಂಡ ಬದಲಾವಣೆ, ನಮ್ಮ ಹಿತೋಪದೇಶ ಯಾವುದರಿಂದಲೂ ಕಂಡಿರಲಿಲ್ಲ. ಮೋಸಹೋಗುವುದನ್ನು ಆ ವಯಸ್ಸಿನವರು ಸಹಿಸರು. ಪಾಪದ ಭಯಕ್ಕಿಂತ ಅದು ಹೆಚ್ಚು ನಾಟುತ್ತದೆ.

ಇನ್ನು ಚಿಕಿತ್ಸೆ. ಕೆಲವರು ಒಂದೇ ದಿನ ಫೋನ್ ಕಸಿದು ಬೀಗ ಹಾಕುತ್ತಾರೆ. ನಾಲ್ಕು ದಿನ ಮನೆ ರಣರಂಗ. ಐದನೆಯ ದಿನ ಮಗು ಗೆಳೆಯನ ಫೋನಿನಲ್ಲಿ. ಚರಕರ ಅದೇ 7ನೆಯ ಅಧ್ಯಾಯದಲ್ಲಿ ರೂಢಿಯಾದ ಅಹಿತವನ್ನು ಬಿಡಿಸುವ ವಿಧಾನವೂ ಇದೆ, ಪಾದಾಂಶಿಕ ಕ್ರಮ. ಅಹಿತದ ಕಾಲುಭಾಗವನ್ನು ಬಿಡಬೇಕು. ಬಿಟ್ಟ ಜಾಗವನ್ನು ಖಾಲಿ ಬಿಡದೆ ಹಿತವಾದದ್ದರ ಕಾಲುಭಾಗದಿಂದ ತುಂಬಬೇಕು. ನಡುವೆ ಒಂದು ದಿನ, ಬಳಿಕ ಎರಡು, ಬಳಿಕ ಮೂರು ದಿನಗಳ ಅಂತರವಿಟ್ಟು ಮುಂದುವರಿಯಬೇಕು. ಹೀಗೆ ಮೆಲ್ಲಗೆ ಕಳೆದ ದೋಷ ಮರಳದು, ಮೆಲ್ಲಗೆ ಕೂಡಿದ ಗುಣ ಅಲುಗದು ಎಂಬುದು ಆಚಾರ್ಯರ ಅಭಿಪ್ರಾಯ. ನಾವು ದಿನಗಳ ಅಂತರವನ್ನು ವಾರಗಳಾಗಿ ಹಿಗ್ಗಿಸಿಕೊಂಡೆವು. ನಾಲ್ಕು ಗಂಟೆ ಆಡುವವನು ಮೊದಲ ವಾರ ಮೂರು ಗಂಟೆ. ಕಡಿತವನ್ನು ರಾತ್ರಿಯ ಕಡೆಯಿಂದ ಆರಂಭಿಸಿದೆವು. ರಾತ್ರಿಜಾಗರಣೆಯೇ ವಾತಕ್ಕೆ ಮೂಲ, ಪರದೆಯ ಬೆಳಕೇ ನಿದ್ರೆಗೆ ವೈರಿ. ಒಂಬತ್ತರ ಬಳಿಕ ಮನೆಯ ಎಲ್ಲ ಫೋನುಗಳೂ ಅಡುಗೆಮನೆಯ ಗೂಡಿನಲ್ಲಿ. ಎಲ್ಲ ಎಂದರೆ ತಂದೆಯದೂ. ಈ ಮಾತಿಗೆ ಆ ತಂದೆ ಮುಖ ಗಂಟಿಕ್ಕಿದರು. ರಾತ್ರಿ ಹನ್ನೊಂದರ ತನಕ ವಾಟ್ಸ್ಆ್ಯಪ್ ನೋಡುವುದು ಅವರ ರೂಢಿ. ನಮ್ಮದೂ ಅದೇ ಆಗಿತ್ತೆಂದು ಒಪ್ಪಿಕೊಂಡೆವು.

ಕಷ್ಟವಾದದ್ದು ಬಿಟ್ಟ ಜಾಗವನ್ನು ತುಂಬುವುದು. ಓದು ಎಂದರೆ ತುಂಬಲಿಲ್ಲ. ವಿಚಾರಿಸಿ ನೋಡಿದರೆ ಅವನನ್ನು ಹಿಡಿದಿದ್ದದ್ದು ಆಟಕ್ಕಿಂತ ಹೆಚ್ಚಾಗಿ ಆಟದೊಳಗಿನ ತಂಡ. ಶಾಲೆಯಲ್ಲಿ ಅವನನ್ನು ಮಾತನಾಡಿಸುವವರಿರಲಿಲ್ಲ, ಅಲ್ಲಿ ಅವನು ನಾಯಕ. ಅದನ್ನು ಕಸಿದರೆ ಗೆಳೆತನವನ್ನೇ ಕಸಿದಂತೆ. ತಂಡದ ಇಬ್ಬರು ಅದೇ ತಾಲ್ಲೂಕಿನ ಹುಡುಗರೆಂದು ತಿಳಿದ ಮೇಲೆ ಭಾನುವಾರ ಅವರನ್ನು ಮನೆಗೆ ಕರೆಸಲು ಹೇಳಿದೆವು. ಬಂದರು, ವಾಲಿಬಾಲ್ ಆಡಿದರು. ಮಧ್ಯಾಹ್ನ ಒಂದು ಗಂಟೆ ಮೊಬೈಲ್ ಆಟವನ್ನೂ ಆಡಿದರಂತೆ. ಆಡಲಿ. ಆಟವೇ ವಿಷವೆಂದು ನಾವು ಹೇಳುವುದಿಲ್ಲ. ಹಗಲಿನಲ್ಲಿ, ಮಿತವಾಗಿ, ಹಣದ ಬಾಗಿಲು ಮುಚ್ಚಿ, ಊಟ ನಿದ್ರೆಗಳನ್ನು ಕೆಡಿಸದೆ ಆಡುವ ಮಕ್ಕಳು ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆಟದ ವ್ಯಸನಕ್ಕೆ ರೋಗವೆಂಬ ಸ್ಥಾನ ಜಾರಿಯಾದದ್ದು 2022ರಲ್ಲಿ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿಯಾದರೂ ಬಿಡದಿರುವುದು ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದರೆ ಮಾತ್ರ ಅದಕ್ಕೆ ಆ ಹೆಸರು. ಹಾಗೆ ಕಂಡರೆ ನಮ್ಮಂತಹವರಲ್ಲಿ ಕಾಲ ಕಳೆಯದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕು. ಇದಕ್ಕೆಂದೇ 2014ರಿಂದ ಅಲ್ಲಿ ಪ್ರತ್ಯೇಕ ಚಿಕಿತ್ಸಾಲಯವಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟಲಿಂಗ ಪೂಜೆಯ ವಿಷಯವನ್ನೂ ಹಲವರು ಕೇಳುತ್ತಾರೆ. ಅದೇ ಅಂಗೈ, ಕಣ್ಣಿನಿಂದ ಹೆಚ್ಚುಕಡಿಮೆ ಅಷ್ಟೇ ದೂರ. ಒಂದರಲ್ಲಿ ದೃಷ್ಟಿ ನಿಲ್ಲುತ್ತದೆ, ಇನ್ನೊಂದರಲ್ಲಿ ಕ್ಷಣಕ್ಷಣಕ್ಕೂ ಅಲೆಯುತ್ತದೆ. ನಿತ್ಯ ಪೂಜೆಗೆ ಕೂರುವ ಮಕ್ಕಳಲ್ಲಿ ಏಕಾಗ್ರತೆ ಬೆಳೆಯುವುದನ್ನು ನಾವು ಕಂಡಿದ್ದೇವೆ. ಆದರೆ “ಫೋನ್ ಮುಟ್ಟಿದೆಯಾ? ಹಾಗಾದರೆ ಒಂದು ಗಂಟೆ ಪೂಜೆಗೆ ಕೂರು” ಎಂದು ಅದನ್ನು ಶಿಕ್ಷೆಯಾಗಿ ಕೊಡಬೇಡಿ. ಮಗು ಲಿಂಗವನ್ನು ಕಂಡಾಗಲೆಲ್ಲ ಕಳೆದುಕೊಂಡ ಆಟವನ್ನು ನೆನೆಯುವಂತಾಗಬಾರದು. ತಾಯಿತಂದೆಯರು ತಾವು ಕೂರುವ ಹೊತ್ತಿಗೆ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಹಾಗೆಯೇ ಕೂಸುಗಳಿಗೆ ಫೋನ್ ತೋರಿಸಿ ತುತ್ತಿಡುವ ರೂಢಿಯನ್ನು ಇಂದೇ ನಿಲ್ಲಿಸಬೇಕು. ಊಟವನ್ನು ಮನವಿಟ್ಟು ಮಾಡಬೇಕೆಂಬುದು ಆಯುರ್ವೇದದ ವಿಧಿ, ಪ್ರಸಾದವೆಂದು ಸ್ವೀಕರಿಸುವ ನಮಗೆ ಅದು ಇನ್ನೂ ಹೆಚ್ಚಿನದು. ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಹಣದ ಬಾಗಿಲನ್ನು ಮುಚ್ಚುವುದು ತೀರ ಸುಲಭವಾದರೂ ಹೆಚ್ಚಿನವರು ಮಾಡದ ಕೆಲಸ. ಮಗುವಿನ ಕೈಗೆ ಕೊಡುವ ಫೋನಿನಲ್ಲಿ ಬ್ಯಾಂಕಿನ ಖಾತೆ, ಯುಪಿಐ ಇರಬಾರದು. ಪಿನ್ ಸಂಖ್ಯೆಯನ್ನು ಮಗುವಿನಿಂದಲೇ ಒತ್ತಿಸುವ ಹಿರಿಯರು ಅದನ್ನು ಇಂದೇ ಬದಲಿಸಿಕೊಳ್ಳಲಿ. ಆ್ಯಪ್ ಅಂಗಡಿಯ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಬಹುದು. ಮಗುವಿಗೆ ಅದರ ನಿಜ ವಯಸ್ಸಿನ ಬೇರೆ ಖಾತೆಯನ್ನೇ ತೆರೆಯಬಹುದು. ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಓದುವ ಅಭ್ಯಾಸವಿದ್ದಿದ್ದರೆ ಆ ಮೂವತ್ತೆಂಟು ಸಾವಿರ ಮೂರು ಸಾವಿರದಲ್ಲಿಯೇ ನಿಲ್ಲುತ್ತಿತ್ತು. ಹಣ ಹೋದದ್ದು ತಿಳಿದ ಕೂಡಲೇ ಆ್ಯಪ್ ಅಂಗಡಿಯಲ್ಲಿ ಮರುಪಾವತಿಗೆ ಅರ್ಜಿ ಹಾಕಬೇಕು. ತಡವಾದಷ್ಟೂ ಅವಕಾಶ ಕಡಿಮೆ. ಅಪರಿಚಿತರು ಲಿಂಕ್ ಕಳುಹಿಸಿ ದೋಚಿದ್ದರೆ ಅದು ಸೈಬರ್ ಅಪರಾಧ, ಒಡನೆ 1930ಕ್ಕೆ ಕರೆ ಮಾಡಬೇಕು.

ನಮ್ಮ ಬಾಲಕನ ತಂದೆಗೆ ಕೊನೆಯ ಕೆಲವು ಖರೀದಿಗಳ ಹಣ ಮಾತ್ರ ಮರಳಿತು, ಉಳಿದದ್ದು ಹೋಯಿತು. ಆ ವರ್ಷ ಅವರು ಗೊಬ್ಬರವನ್ನು ಸಾಲದಲ್ಲಿ ತಂದರು. ಮಗ ಬೇಸಗೆಯ ರಜೆಯಲ್ಲಿ ಹೊಲದಲ್ಲಿ ದುಡಿದ. ತಂದೆ ಅದನ್ನು ಶಿಕ್ಷೆಯೆನ್ನದೆ ಕೂಲಿಯೆಂದು ಎಣಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಮಗನ ಕೈಯಿಂದಲೇ ಲೆಕ್ಕ ಬರೆಸಿದರು, ವಜ್ರದಲ್ಲಲ್ಲ, ರೂಪಾಯಿಯಲ್ಲಿ. ತ್ರಿಫಲಾ ಚೂರ್ಣವನ್ನು ನಾವು ಮತ್ತೆ ಆರಂಭಿಸಿದೆವು. ಈ ಸಲ ಅದು ಮೂರನೆಯ ದಿನಕ್ಕೆ ಕೆಲಸ ಮಾಡಿತು.